ಘಾನಾದಲ್ಲಿ ಕಡ್ಡಾಯ, ನೈಜೀರಿಯಾದಲ್ಲಿ ರದ್ದು: ತರಗತಿಯ ಭಾಷೆಯ ಜಗಳ ಏನು, ಎತ್ತ?

2025ರ ಅಕ್ಟೋಬರ್ ಕೊನೆಗೆ ಘಾನಾದ ಶಿಕ್ಷಣ ಸಚಿವ ಹರುನಾ ಇದ್ರಿಸು ಹೊಸ ನಿರ್ಧಾರವೊಂದನ್ನು ಪ್ರಕಟಿಸಿದರು. ಚಿಕ್ಕ ತರಗತಿಗಳಲ್ಲಿ ಇನ್ನು ಮಕ್ಕಳ ಮನೆಮಾತಿನಲ್ಲೇ ಪಾಠ ಮಾಡಬೇಕು, ಇದು ಕಡ್ಡಾಯ ಎಂದರು. ತಿಂಗಳು ತುಂಬುವುದರೊಳಗೆ ನೈಜೀರಿಯಾದ ಶಿಕ್ಷಣ ಸಚಿವ ತುಂಜಿ ಅಲೌಸಾ ಪೂರಾ ಉಲ್ಟಾ ಹೇಳಿದರು. ಮನೆಮಾತಿನ ಪಾಠಕ್ಕಾಗಿ 2022ರಲ್ಲಿ ತಂದಿದ್ದ ರಾಷ್ಟ್ರೀಯ ಭಾಷಾ ನೀತಿ ರದ್ದು. ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಇಂಗ್ಲಿಷೇ ಮಾಧ್ಯಮ.

ಎರಡೂ ಪಶ್ಚಿಮ ಆಫ್ರಿಕಾದ ದೇಶಗಳು. ಎರಡನ್ನೂ ಬ್ರಿಟಿಷರೇ ಆಳಿದ್ದರು. ಘಾನಾ ಸ್ವತಂತ್ರವಾಗಿದ್ದು 1957ರಲ್ಲಿ, ನೈಜೀರಿಯಾ 1960ರಲ್ಲಿ. ಪ್ರೌಢಶಾಲೆಯ ಕೊನೆಯ ಪರೀಕ್ಷೆ ನಡೆಸುವ ಪಶ್ಚಿಮ ಆಫ್ರಿಕಾ ಪರೀಕ್ಷಾ ಮಂಡಳಿಯಲ್ಲೂ ಎರಡೂ ಸದಸ್ಯರು. ಇಬ್ಬರು ಸಚಿವರೂ ಕೊಟ್ಟ ಕಾರಣ ಒಂದೇ: ಮಕ್ಕಳು ಕಲಿಯುತ್ತಿಲ್ಲ. ಒಬ್ಬರ ಪ್ರಕಾರ ಅದಕ್ಕೆ ಕಾರಣ ಇಂಗ್ಲಿಷ್. ಇನ್ನೊಬ್ಬರ ಪ್ರಕಾರ ಮನೆಮಾತು.

ಓದಿದವರಿಗೆ ತಲೆ ತಿರುಗೋದು ಸಹಜ. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು ಅಲ್ವಾ? ಹಾಗೇನಿಲ್ಲ. ಇಬ್ಬರೂ ಕೇಳಿಕೊಂಡದ್ದು ಅರ್ಧ ಪ್ರಶ್ನೆ. "ಯಾವ ಭಾಷೆ" ಎನ್ನುವುದರ ಜೊತೆಗೆ ಎಷ್ಟು ವರ್ಷ, ಯಾವ ಪುಸ್ತಕ, ಆ ಭಾಷೆ ಬರುವ ಮೇಷ್ಟ್ರು ಇದ್ದಾರಾ, ಕೊನೆಗೆ ಪರೀಕ್ಷೆ ಯಾವುದರಲ್ಲಿ ಎಂದೂ ಕೇಳಬೇಕು. ಫಲಿತಾಂಶ ನಿರ್ಧಾರ ಆಗೋದು ಹೆಚ್ಚಾಗಿ ಈ ಎರಡನೇ ಅರ್ಧದಲ್ಲಿ.

ಇಬ್ಬಗೆಯ ಶಾಲೆ ಬಂದದ್ದು ಎಲ್ಲಿಂದ

ಬ್ರಿಟಿಷರು ಎಲ್ಲರ ಮೇಲೂ ಇಂಗ್ಲಿಷ್ ಹೇರಿದರು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. 1835ರಲ್ಲಿ ಮೆಕಾಲೆ ಬಯಸಿದ್ದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಿಲ್ಲುವ ಒಂದು ಚಿಕ್ಕ ವರ್ಗವನ್ನು. 1854ರ ವುಡ್ ವರದಿ ಅದನ್ನು ಇನ್ನೂ ಬಿಡಿಸಿ ಹೇಳಿತು: ಮೇಲಿನ ಶಿಕ್ಷಣ ಇಂಗ್ಲಿಷಿನಲ್ಲಿ, ಜನಸಾಮಾನ್ಯರಿಗೆ ದೇಶಭಾಷೆಯಲ್ಲಿ. ಎಲ್ಲರಿಗೂ ಇಂಗ್ಲಿಷ್ ಕಲಿಸುವಷ್ಟು ಖರ್ಚು ಮಾಡುವ ಮನಸ್ಸು ಅವರಿಗೆ ಇರಲೇ ಇಲ್ಲ. ಹಾಗಾಗಿ ಶುರುವಿನಿಂದಲೇ ಎರಡು ಥರದ ಶಾಲೆ. ಒಂದು ಕಚೇರಿಯ ಕುರ್ಚಿಗೆ ಹೋಗುವ ದಾರಿ, ಇನ್ನೊಂದು ಊರಲ್ಲೇ ಉಳಿಯುವ ದಾರಿ.

ಫ್ರೆಂಚರ ರೀತಿ ಬೇರೆ. ಅವರ ಆಫ್ರಿಕಾದ ಶಾಲೆಗಳಲ್ಲಿ ಫ್ರೆಂಚ್ ಬಿಟ್ಟು ಬೇರೆ ಮಾತೇ ಆಡುವಂತಿರಲಿಲ್ಲ. ಮನೆಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಗುರುತು ಹಾಕುತ್ತಿದ್ದರು. ಆ ಮಗು ಇನ್ನೊಂದು ಮಗುವಿನ ತಪ್ಪು ಹಿಡಿದು ಗುರುತನ್ನು ಅದಕ್ಕೆ ದಾಟಿಸಬೇಕು. ಬ್ರಿಟಿಷರ ಕೀನ್ಯಾದಲ್ಲೂ ಇಂಥದ್ದೇ ಶಿಕ್ಷೆ ಇತ್ತು.

ದಕ್ಷಿಣ ಆಫ್ರಿಕಾದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1953ರ ಬಂಟು ಶಿಕ್ಷಣ ಕಾಯ್ದೆಯ ನಂತರ ಕಪ್ಪು ಮಕ್ಕಳಿಗೆ ಪ್ರಾಥಮಿಕ ಶಾಲೆಯನ್ನು ಅವರವರ ಮನೆಮಾತಿನಲ್ಲೇ ನಡೆಸಲಾಯಿತು. ಕಾಗದದ ಮೇಲೆ ಇದು ಇವತ್ತಿನ ತಜ್ಞರು ಹೇಳುವಂತೆಯೇ ಕಾಣುತ್ತದೆ. ಉದ್ದೇಶ ಮಾತ್ರ ಬೇರೆ ಇತ್ತು. ಅವರು ಕೂಲಿ ಕೆಲಸಕ್ಕಿಂತ ಮೇಲೆ ಬರಬಾರದು ಎನ್ನುವುದೇ ಆ ಏರ್ಪಾಡಿನ ಲೆಕ್ಕಾಚಾರ. ಮುಂದೆ ಅರ್ಧ ವಿಷಯಗಳನ್ನು ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲಿ ಕಲಿಸಬೇಕೆಂದು ಹೊರಟಾಗ, 1976ರ ಜೂನ್ 16ರಂದು ಸೊವೆಟೊದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಇಷ್ಟೆಲ್ಲ ಕಂಡ ಜನರಿಗೆ "ನಿಮ್ಮ ಮಕ್ಕಳಿಗೆ ನಿಮ್ಮ ಭಾಷೆಯಲ್ಲೇ ಕಲಿಸುತ್ತೇವೆ" ಎಂಬ ಮಾತು ಉಪಕಾರದ ಮಾತಾಗಿ ಕೇಳಿಸಲಿಲ್ಲ. ಇದರಲ್ಲೂ ಏನೋ ಮಸಲತ್ತು ಇದೆ ಎಂದೇ ಅನ್ನಿಸಿತು. ಈ ಅನುಮಾನ ಬೇರೆ ಬೇರೆ ರೂಪದಲ್ಲಿ ಎಷ್ಟೋ ದೇಶಗಳಲ್ಲಿ ಇನ್ನೂ ಬದುಕಿದೆ.

ಸ್ವಾತಂತ್ರ್ಯ ಬಂದ ಮೇಲೂ ಹೊಸ ಸರ್ಕಾರಗಳು ಆಳಿದವರ ಭಾಷೆಯನ್ನೇ ಉಳಿಸಿಕೊಂಡವು. ನೈಜೀರಿಯಾದಲ್ಲಿ 500ಕ್ಕೂ ಹೆಚ್ಚು ಭಾಷೆಗಳಿವೆ. ಒಂದನ್ನು ಆರಿಸಿದರೆ ಉಳಿದವರು ಸುಮ್ನೆ ಇರುವುದಿಲ್ಲ. ಇಂಗ್ಲಿಷ್ ಯಾರದ್ದೂ ಅಲ್ಲ, ಹಾಗಾಗಿ ಜಗಳ ಕಡಿಮೆ ಎಂದುಕೊಂಡರು.

ಮನೆಮಾತಿನ ಪರ ಇರುವವರ ವಾದ

1953ರಲ್ಲೇ ಯುನೆಸ್ಕೊ ಮಗುವಿಗೆ ಕಲಿಸಲು ಅದರ ತಾಯಿನುಡಿಯೇ ಉತ್ತಮ ಎಂದು ಹೇಳಿತ್ತು. 2021ರ ವಿಶ್ವಬ್ಯಾಂಕ್ ವರದಿಯ ಪ್ರಕಾರ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಶೇ 37ರಷ್ಟು ವಿದ್ಯಾರ್ಥಿಗಳು ತಮಗೆ ಅರ್ಥವಾಗದ ಭಾಷೆಯಲ್ಲಿ ಪಾಠ ಕೇಳುತ್ತಿದ್ದಾರೆ.

ಈ ವಾದಕ್ಕೆ ಆಧಾರ ಬರೀ ಭಾಷಾಭಿಮಾನವಲ್ಲ. ಓದು ಕಲಿಯುವ ರೀತಿಯನ್ನೇ ನೋಡಿ. ಕನ್ನಡ ಮನೆಮಾತಿನ ಮಗು "ಬೆ", "ಕ್ಕು" ಎಂದು ಕೂಡಿಸಿ ಓದಿದ ತಕ್ಷಣ ಅದರ ಕಣ್ಣಮುಂದೆ ಬೆಕ್ಕು ಬರುತ್ತದೆ. ಸರಿಯಾಗಿ ಓದಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಇಂಗ್ಲಿಷ್ ಗೊತ್ತಿಲ್ಲದ ಮಗು "ಕ್ಯಾಟ್" ಎಂದು ಕೂಡಿಸಿದರೂ ಅದು ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಮೇಷ್ಟ್ರ ಮುಖ ನೋಡಬೇಕು. ಆ ಮಗು ಅಕ್ಷರ, ಪದ, ಅರ್ಥ ಮೂರನ್ನೂ ಒಟ್ಟಿಗೆ ಕಲಿಯಬೇಕಾಗಿದೆ. ಒಂದೇ ಮೇಷ್ಟ್ರ ಎದುರು 60 ಮಕ್ಕಳು ಕೂತಿರುವ ತರಗತಿಯಲ್ಲಿ ಇದು ಆಗುವ ಮಾತಲ್ಲ.

ಭಾಷಾ ವಿದ್ವಾಂಸ ಜಿಮ್ ಕಮಿನ್ಸ್ ಕೆನಡಾದ ವಲಸೆ ಮಕ್ಕಳನ್ನು ಗಮನಿಸಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಆಟದ ಬಯಲಿನ ಇಂಗ್ಲಿಷ್ ಮಕ್ಕಳಿಗೆ ಎರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠಪುಸ್ತಕದ ಇಂಗ್ಲಿಷ್ ಬರಲು ಐದರಿಂದ ಏಳು ವರ್ಷ ಬೇಕು. ಸುತ್ತ ಎಲ್ಲರೂ ಇಂಗ್ಲಿಷೇ ಆಡುವ ದೇಶದಲ್ಲೇ ಇಷ್ಟು ಸಮಯ. ಮನೆಯಲ್ಲಿ, ಬೀದಿಯಲ್ಲಿ ಇಂಗ್ಲಿಷ್ ಕಿವಿಗೆ ಬೀಳದ ಕಡೆ ಇನ್ನೆಷ್ಟು ಬೇಕೋ ನೀವೇ ಲೆಕ್ಕ ಹಾಕಿ.

ಈ ವಾದಕ್ಕೆ ಬಲ ಕೊಡುವ ಹಳೆಯ ಪ್ರಯೋಗ ನಡೆದದ್ದು ನೈಜೀರಿಯಾದಲ್ಲೇ ಎನ್ನುವುದು ತಮಾಷೆ. 1970ರಲ್ಲಿ ಇಫೆ ವಿಶ್ವವಿದ್ಯಾಲಯದ ಬಾಬ್ಸ್ ಫಾಫುನ್ವಾ ಮತ್ತವರ ತಂಡ ಕೆಲವು ತರಗತಿಗಳಿಗೆ ಪ್ರಾಥಮಿಕ ಶಾಲೆಯ ಆರೂ ವರ್ಷ ಮಕ್ಕಳ ಮನೆಮಾತಾದ ಯೊರುಬಾದಲ್ಲಿ ಪಾಠ ಮಾಡಿಸಿತು. ಇಂಗ್ಲಿಷನ್ನು ಒಂದು ವಿಷಯವಾಗಿ ತರಬೇತಿ ಪಡೆದ ಬೇರೆ ಶಿಕ್ಷಕರು ಕಲಿಸಿದರು. ಮೂರು ವರ್ಷಕ್ಕೇ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಕ್ಕಳಿಗಿಂತ ಇವರು ಗಣಿತ, ವಿಜ್ಞಾನದಲ್ಲಿ ಮುಂದಿದ್ದರು. ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಆದರೆ ಒಂದು ವಿಷಯ ಮರೆಯಬಾರದು. ಆ ಮಕ್ಕಳಿಗೆ ಹೊಸ ಪುಸ್ತಕ ಬರೆಸಿದ್ದರು, ಒಳ್ಳೆಯ ಇಂಗ್ಲಿಷ್ ಟೀಚರ್ ಕೊಟ್ಟಿದ್ದರು. ಗೆದ್ದದ್ದು ಯೊರುಬಾ ಒಂದೇ ಅಲ್ಲ.

ಇಂಗ್ಲಿಷ್ ಕೇಳುವ ತಂದೆ ತಾಯಿ ದಡ್ಡರಲ್ಲ

ಇದರ ಎದುರು ತಂದೆ ತಾಯಂದಿರು ಇದ್ದಾರೆ. ಅವರಿಗೆ ಗುಲಾಮಗಿರಿಯ ಮನಸ್ಸು ಎಂದು ಬೈದು ಮುಗಿಸುವುದು ಸುಲಭ. ಆದರೆ ಅವರ ಲೆಕ್ಕ ಗಟ್ಟಿಯಾಗೇ ಇದೆ. ಭಾರತದ 2005ರ ಸಮೀಕ್ಷೆಯೊಂದನ್ನು ಆಧರಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷನ್ನು ಸರಾಗವಾಗಿ ಬಲ್ಲ ಗಂಡಸರ ಗಂಟೆಯ ಸಂಪಾದನೆ ಇಂಗ್ಲಿಷ್ ಬಾರದವರಿಗಿಂತ ಶೇ 34ರಷ್ಟು ಹೆಚ್ಚು. ದೊಡ್ಡ ನ್ಯಾಯಾಲಯಗಳ ಭಾಷೆ ಇಂಗ್ಲಿಷ್. ಡಾಕ್ಟರ್, ಎಂಜಿನಿಯರ್ ಓದು ಇಂಗ್ಲಿಷ್. ನೀತಿ ಬರೆಯುವ ಅಧಿಕಾರಿಯ ಮಕ್ಕಳೂ ಇಂಗ್ಲಿಷ್ ಮೀಡಿಯಂ. ಹೀಗಿರುವಾಗ ಸರ್ಕಾರಿ ಶಾಲೆಯ ಮಗುವಿಗೆ ಮಾತ್ರ ಮನೆಮಾತು ಸಾಕು ಎಂದರೆ ಯಾರು ಒಪ್ಪುತ್ತಾರೆ?

ಈ ವಾದದಲ್ಲಿ ಒಂದು ಕಡೆ ಮಾತ್ರ ಎಡವಟ್ಟಿದೆ. ಸಂಬಳ ಜಾಸ್ತಿ ಕೊಡಿಸುವುದು ಇಂಗ್ಲಿಷ್ ಬರುವುದು. ಇಂಗ್ಲಿಷ್ ಮೀಡಿಯಂನಲ್ಲಿ ಕೂತಿರುವುದು ಅಲ್ಲ. ಇಂಗ್ಲಿಷ್ ಬಾರದ ಮೇಷ್ಟ್ರು ಇಂಗ್ಲಿಷಿನಲ್ಲಿ ವಿಜ್ಞಾನ ಹೇಳಿದರೆ ಮಗುವಿಗೆ ವಿಜ್ಞಾನವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಮಲೇಷ್ಯಾ ಇದನ್ನು ಖರ್ಚು ಮಾಡಿ ಕಲಿಯಿತು. 2003ರಲ್ಲಿ ವಿಜ್ಞಾನ ಮತ್ತು ಗಣಿತವನ್ನು ಇಂಗ್ಲಿಷಿಗೆ ಬದಲಿಸಿತು. ಹಳ್ಳಿಯ ಮಕ್ಕಳು ಹಿಂದೆ ಬಿದ್ದರು, ಎಷ್ಟೋ ಶಿಕ್ಷಕರಿಗೇ ಇಂಗ್ಲಿಷ್ ಸಾಲದು ಎಂದು ಗೊತ್ತಾಯಿತು. 2009ರಲ್ಲಿ ನೀತಿ ಕೈಬಿಡುವುದಾಗಿ ಸರ್ಕಾರ ಹೇಳಿತು. ಆಗ ಪಟ್ಟಣದ ಪೋಷಕರು ಇಂಗ್ಲಿಷ್ ಬೇಕೇ ಬೇಕು ಎಂದು ಪ್ರತಿಭಟಿಸಿದರು. ಅವರ ಮಕ್ಕಳಿಗೆ ಅದು ಚೆನ್ನಾಗಿಯೇ ನಡೆದಿತ್ತು. ಒಂದೇ ನೀತಿ ಒಬ್ಬರಿಗೆ ಏಣಿ, ಇನ್ನೊಬ್ಬರಿಗೆ ಗೋಡೆ.

ನೈಜೀರಿಯಾದ ಲೆಕ್ಕ ಯಾಕೆ ತಾಳೆಯಾಗುವುದಿಲ್ಲ

ಅಲೌಸಾ ಅವರ ಮಾತು ಹೀಗಿದೆ: ಮನೆಮಾತನ್ನು ಜಾಸ್ತಿ ಬಳಸಿದ ವಲಯಗಳಲ್ಲೇ ಕೊನೆಯ ಪರೀಕ್ಷೆಗಳಲ್ಲಿ ಮಕ್ಕಳು ಸಾಲು ಸಾಲಾಗಿ ಫೇಲಾಗುತ್ತಿದ್ದಾರೆ.

ಮೊದಲು ವರ್ಷ ನೋಡೋಣ. 2022ರ ನೀತಿಗೆ ಮಂತ್ರಿಮಂಡಲ ಒಪ್ಪಿಗೆ ಕೊಟ್ಟದ್ದು ಆ ವರ್ಷದ ನವೆಂಬರ್ ಕೊನೆಗೆ. ಅಲ್ಲಿ ಪ್ರಾಥಮಿಕ ಆರು, ನಂತರ ಮೂರು, ಮತ್ತೆ ಮೂರು ವರ್ಷ. ಆ ನೀತಿ ಬಂದ ಮೇಲೆ ಒಂದನೇ ತರಗತಿಗೆ ಸೇರಿದ ಮಗು ಕೊನೆಯ ಪರೀಕ್ಷೆ ಬರೆಯುವ ಹೊತ್ತಿಗೆ 2034 ಅಥವಾ 2035 ಆಗಿರುತ್ತದೆ. 2025ರಲ್ಲಿ ಫೇಲಾದವರು ಶಾಲೆ ಸೇರಿದ್ದು 2013ರ ಆಸುಪಾಸು. ಅವರ ಅಂಕಕ್ಕೂ 2022ರ ನೀತಿಗೂ ಸಂಬಂಧ ಕಟ್ಟಲು ಆಗುವುದಿಲ್ಲ.

ಮೊದಲ ತರಗತಿಗಳಲ್ಲಿ ಮನೆಮಾತಿರಲಿ ಎಂದು 1977ರ ಶಿಕ್ಷಣ ನೀತಿಯೇ ಹೇಳಿತ್ತು ನಿಜ. ದೋಷ ಅದರದ್ದು ಎನ್ನುವುದಾದರೆ ಯಾವ ಶಾಲೆ ಯಾವ ಭಾಷೆಯಲ್ಲಿ ಎಷ್ಟು ವರ್ಷ ಕಲಿಸಿತು ಎಂಬ ಲೆಕ್ಕ ಬೇಕು. ವಲಯದ ಒಟ್ಟು ಫಲಿತಾಂಶ ಸಾಲದು. ಮನೆಮಾತು ಜಾಸ್ತಿ ಬಳಸುವ ವಲಯ ಬಡ ವಲಯವೂ ಆಗಿದ್ದರೆ, ಅಲ್ಲಿ ಶಿಕ್ಷಕರೂ ಕಡಿಮೆ ಇದ್ದರೆ, ಮಕ್ಕಳನ್ನು ಫೇಲ್ ಮಾಡಿಸಿದ್ದು ಯಾವುದು? ಅದಕ್ಕಿಂತ ನೇರವಾದ ಇನ್ನೊಂದು ಮಾತಿದೆ. ಪರೀಕ್ಷೆ ಇರುವುದು ಇಂಗ್ಲಿಷಿನಲ್ಲಿ. ವಿಷಯ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದ ಮಗು ಎಷ್ಟು, ವಿಷಯವೇ ಗೊತ್ತಿಲ್ಲದ ಮಗು ಎಷ್ಟು ಎಂದು ಆ ಉತ್ತರಪತ್ರಿಕೆ ಬಿಡಿಸಿ ಹೇಳುವುದಿಲ್ಲ.

ಅರ್ಧಂಬರ್ಧ ಮಾಡಿದರೆ ಏನಾಗುತ್ತದೆ

ಇಷ್ಟಕ್ಕೇ ಮನೆಮಾತಿನ ಪರ ತೀರ್ಪು ಕೊಟ್ಟು ಏಳುವಂತಿಲ್ಲ. ಅಲ್ಲೂ ಸೋಲುಗಳಿವೆ, ಅವು ಸಣ್ಣವಲ್ಲ.

ಫಿಲಿಪ್ಪೀನ್ಸ್ 2009ರ ಆದೇಶ, 2013ರ ಕಾನೂನಿನ ಮೂಲಕ ಶಿಶುವಿಹಾರದಿಂದ 3ನೇ ತರಗತಿವರೆಗೆ ಮನೆಮಾತಿನ ಪಾಠ ತಂದಿತು. 19 ಭಾಷೆಗಳು. ಜಗತ್ತಿನ ಎಷ್ಟೋ ತಜ್ಞರು ಬೆನ್ನು ತಟ್ಟಿದರು. 2024ರ ಅಕ್ಟೋಬರ್‌ನಲ್ಲಿ ಹೊಸ ಕಾನೂನು ಬಂದು ಅದನ್ನು ನಿಲ್ಲಿಸಿತು. ಯಾಕೆ? ಪ್ರತಿ ಶಾಲೆ ತನ್ನ ಭಾಷೆಯಲ್ಲಿ ದೊಡ್ಡಕ್ಷರದ ಕಥೆಪುಸ್ತಕ ಮಾಡಿಕೊಳ್ಳಬೇಕಿತ್ತು. ಬರವಣಿಗೆಯ ಕ್ರಮ, ವ್ಯಾಕರಣ, ನಿಘಂಟು ದಾಖಲಿಸಬೇಕಿತ್ತು. ಸಮೀಕ್ಷೆಗೆ ಸಿಕ್ಕ ಶಾಲೆಗಳಲ್ಲಿ ಈ ನಾಲ್ಕನ್ನೂ ಮಾಡಿದವು ಹತ್ತರಲ್ಲಿ ಒಂದೂ ಇರಲಿಲ್ಲ. ನಿಘಂಟು ಬರೆಯುವ ಕೆಲಸವನ್ನು ಒಂದನೇ ತರಗತಿಯ ಟೀಚರ್ ತಲೆಗೆ ಕಟ್ಟಿದರೆ ಬೇರೆ ಇನ್ನೇನಾಗಬೇಕಿತ್ತು!

ಉಗಾಂಡಾದ ಲಾಂಗೊ ಪ್ರದೇಶದಲ್ಲಿ ಒಂದೇ ಕಾರ್ಯಕ್ರಮವನ್ನು ಎರಡು ರೀತಿಯಲ್ಲಿ ನಡೆಸಿ ನೋಡಿದರು. ಪುಸ್ತಕ, ತರಬೇತಿ, ಸ್ಲೇಟು ಎಲ್ಲ ಪೂರ್ತಿ ಕೊಟ್ಟ ಕಡೆ ಮಕ್ಕಳ ಓದು ಚೆನ್ನಾಗಿ ಮೇಲೆದ್ದಿತು. ಖರ್ಚು ಉಳಿಸಿ ಮಾಡಿದ ಕಡೆ ಓದಿನಲ್ಲಿ ಅಲ್ಪ ಲಾಭ, ಬರವಣಿಗೆಯ ಕೆಲವು ಭಾಗಗಳಲ್ಲಿ ನಷ್ಟ. ಕೀನ್ಯಾದ ಒಂದು ಪ್ರಯೋಗದಲ್ಲಿ ಮನೆಮಾತಿನ ಓದು ಸುಧಾರಿಸಿತು, ಗಣಿತಕ್ಕೆ ಅದರಿಂದ ಲಾಭವಾಗಲಿಲ್ಲ.

ಕ್ಯಾಮರೂನ್‌ನ ಕೊಮ್ ಭಾಷೆಯ ಪ್ರಯೋಗ ಇನ್ನೂ ಸ್ಪಷ್ಟ. 12 ಶಾಲೆಗಳಲ್ಲಿ ಮೊದಲ ಮೂರು ವರ್ಷ ಕೊಮ್, ಆಮೇಲೆ ಇಂಗ್ಲಿಷ್. ಹೋಲಿಕೆಗೆ ಮೊದಲಿಂದಲೂ ಇಂಗ್ಲಿಷ್ ಇದ್ದ 12 ಶಾಲೆಗಳು. ಮೂರನೇ ತರಗತಿಯಲ್ಲಿ ಕೊಮ್ ಮಕ್ಕಳು ಬಹಳ ಮುಂದಿದ್ದರು. ಇಂಗ್ಲಿಷಿಗೆ ದಾಟಿದ ಮೇಲೆ ಐದನೇ ತರಗತಿ ಹೊತ್ತಿಗೆ ಆ ಅಂತರ ಅರ್ಧಕ್ಕಿಂತ ಕೆಳಗಿಳಿಯಿತು. ಅಳಿಸಿಹೋಗಲಿಲ್ಲ, ಆದರೆ ಕರಗಿತು. ಕಾರಣ ಕಾಣುತ್ತಲೇ ಇದೆ: ಮೂರು ವರ್ಷಕ್ಕೆ ಪಾಠಪುಸ್ತಕದ ಇಂಗ್ಲಿಷ್ ಯಾರಿಗೂ ಬಂದಿರುವುದಿಲ್ಲ. ನಾಲ್ಕನೇ ತರಗತಿಯ ಮೊದಲ ದಿನ ಭಾಷೆ ಏಕಾಏಕಿ ಬದಲಾದರೆ ಮಗು ಮತ್ತೆ ಬಾಯಿ ಮುಚ್ಚಿ ಕೂರುತ್ತದೆ.

ಬಾಗಿಲು ಹಾಕಿದ ತರಗತಿಯೊಳಗೆ

ಆದೇಶ ಏನೇ ಇರಲಿ, ತರಗತಿಯೊಳಗೆ ನಡೆಯುವುದು ಬೇರೆ. ಟಾಂಜಾನಿಯಾ 1967ರಿಂದ ಪ್ರಾಥಮಿಕ ಶಾಲೆಯನ್ನು ಸ್ವಾಹಿಲಿಯಲ್ಲಿ ನಡೆಸುತ್ತಿದೆ. ಪ್ರೌಢಶಾಲೆಗೆ ಬಂದ ಕೂಡಲೇ ಇಂಗ್ಲಿಷ್. ಅಲ್ಲಿ ಜೀವಶಾಸ್ತ್ರದ ಟೀಚರ್ ಪುಸ್ತಕದ ಸಾಲನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಪ್ರಶ್ನೆ ಕೇಳುತ್ತಾರೆ, ಉತ್ತರ ಇಲ್ಲ. ಅದನ್ನೇ ಸ್ವಾಹಿಲಿಯಲ್ಲಿ ಕೇಳಿದರೆ ಕೈಗಳು ಏಳುತ್ತವೆ. ಆಮೇಲೆ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ನೋಟ್ಸ್, ಮಕ್ಕಳು ಅಕ್ಷರ ಅಕ್ಷರ ನಕಲು ಮಾಡುತ್ತಾರೆ. ಪರೀಕ್ಷೆಗೆ ಅದೇ ಬಾಯಿಪಾಠ.

ಇಂಥ ತರಗತಿಗಳ ಇನ್ನೊಂದು ಲಕ್ಷಣ ಕೋರಸ್. ಟೀಚರ್ "ಫೋಟೋಸಿಂಥೆ..." ಎಂದು ಎಳೆಯುತ್ತಾರೆ. ಮಕ್ಕಳು ಒಟ್ಟಾಗಿ "ಸಿಸ್!" ಎಂದು ಕೂಗುತ್ತಾರೆ. ಹೊರಗೆ ನಿಂತು ಕೇಳಿದವರಿಗೆ ಪಾಠ ಜೋರಾಗೇ ನಡೆದಂತೆ ಅನ್ನಿಸುತ್ತದೆ. ಕೊನೆಯ ಅಕ್ಷರ ಹೇಳಲು ಅರ್ಥ ಗೊತ್ತಿರಬೇಕಾಗಿಲ್ಲ. ಯಾರಿಗೂ ಅವಮಾನವಾಗದೆ ಪೀರಿಯಡ್ ಮುಗಿಯುತ್ತದೆ, ಅಷ್ಟೇ.

ಎರಡು ಭಾಷೆ ಬೆರೆಸಿ ವಿವರಿಸುವ ಟೀಚರ್ ಮಾಡುತ್ತಿರುವುದು ಒಳ್ಳೆಯ ಕೆಲಸವೇ. ಆದರೆ ಎಷ್ಟೋ ಕಡೆ ಅದನ್ನು ಕದ್ದು ಮಾಡಬೇಕು, ಇನ್‌ಸ್ಪೆಕ್ಟರ್ ಬಂದಾಗ ನಿಲ್ಲಿಸಬೇಕು. ನಿಯಮಕ್ಕೆ ವಿರುದ್ಧವಾದ್ದರಿಂದ ತರಬೇತಿಯಲ್ಲಿ ಅದನ್ನು ಕಲಿಸುವುದಿಲ್ಲ, ಪುಸ್ತಕದಲ್ಲಿ ಅದಕ್ಕೆ ಜಾಗ ಇಲ್ಲ. 2015ರಲ್ಲಿ ಬಿಡುಗಡೆಯಾದ ಟಾಂಜಾನಿಯಾದ ಶಿಕ್ಷಣ ನೀತಿ ಮೇಲಿನ ತರಗತಿಗಳಿಗೂ ಸ್ವಾಹಿಲಿಯ ಬಾಗಿಲು ತೆರೆಯಿತು. ಪ್ರೌಢಶಾಲೆಯ ಪರೀಕ್ಷೆ ಇಂಗ್ಲಿಷಿನಲ್ಲೇ ಉಳಿಯಿತು. ಪಾಠವೂ ಅಲ್ಲೇ ಉಳಿಯಿತು.

ಭಾಷೆ ಒಂದೇ ಇದ್ದರೂ ಕಷ್ಟ, ಹತ್ತಿದ್ದರೂ ಕಷ್ಟ

ಭಾಷೆಗಳು ಜಾಸ್ತಿ ಇರುವುದೇ ತೊಂದರೆ ಎನ್ನುವವರು ರುವಾಂಡಾ ನೋಡಬೇಕು. ಅಲ್ಲಿ ಬಹುತೇಕ ಎಲ್ಲರ ಮನೆಮಾತೂ ಕಿನ್ಯಾರ್ವಾಂಡಾ. ಆದರೂ 2008ರಲ್ಲಿ ಸರ್ಕಾರ ಫ್ರೆಂಚ್ ಬಿಟ್ಟು ಇಂಗ್ಲಿಷ್ ಹಿಡಿಯಿತು. ಫ್ರೆಂಚಿನಲ್ಲಿ ಓದಿ ಬಂದ ಶಿಕ್ಷಕರು ನೋಡನೋಡುತ್ತಿದ್ದಂತೆ ಇಂಗ್ಲಿಷಿನಲ್ಲಿ ಪಾಠ ಮಾಡಬೇಕಾಯಿತು. ಕೆಲವೇ ವರ್ಷಕ್ಕೆ ಮೊದಲ ಮೂರು ತರಗತಿಗಳನ್ನು ಕಿನ್ಯಾರ್ವಾಂಡಾಕ್ಕೆ ತಂದರು. 2019ರ ಕೊನೆಯಲ್ಲಿ ಮತ್ತೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಎಂದರು. ನೆರೆಯ ದೇಶಗಳ ಜೊತೆ ವ್ಯಾಪಾರ, ರಾಜಕೀಯ ಎಲ್ಲ ಇದರ ಹಿಂದಿದೆ. ಮಗು ಎಷ್ಟು ಕಲಿಯಿತು ಎನ್ನುವುದು ಆ ಪಟ್ಟಿಯ ಕೆಳಗೆಲ್ಲೋ ಇತ್ತು.

ಇನ್ನೊಂದು ತುದಿಗೆ ಒಡಿಶಾ. 2006-07ರಿಂದ ಅಲ್ಲಿ ಸಂತಾಲಿ, ಸೌರಾ, ಕುಯಿ, ಜುವಾಂಗ್‌ನಂಥ ಆದಿವಾಸಿ ಭಾಷೆಗಳಲ್ಲಿ ಪಾಠ ಶುರುವಾಯಿತು. ಆಮೇಲೆ ಅದು 21 ಭಾಷೆಗಳಿಗೆ ಹಬ್ಬಿತು. ಅದೇ ಭಾಷೆಯ ಊರಿನವರನ್ನು ಶಿಕ್ಷಕರಾಗಿ ತೆಗೆದುಕೊಂಡದ್ದು, ಒಡಿಯಾವನ್ನು ಏಕಾಏಕಿ ತುರುಕದೆ ಹಂತ ಹಂತವಾಗಿ ತಂದದ್ದು ಅದರ ಜಾಣತನ. ಊರೊಳಗೆ ಒಂದೇ ಭಾಷೆ ಇರುವ ಕಡೆ ಇದು ಸಾಧ್ಯ. ನೈಜೀರಿಯಾದ ಲಾಗೋಸ್‌ನಂಥ ನಗರದ ತರಗತಿಯಲ್ಲಿ ಐದಾರು ಮನೆಮಾತಿನ ಮಕ್ಕಳು ಒಂದೇ ಬೆಂಚಲ್ಲಿ ಕೂತಿದ್ದರೆ ಸಾಧ್ಯವಿಲ್ಲ. ಅಲ್ಲಿ ಮಕ್ಕಳಿಗೆಲ್ಲ ಗೊತ್ತಿರುವ ಬೀದಿಯ ಭಾಷೆಯೇ ಹೆಚ್ಚು ಕೆಲಸಕ್ಕೆ ಬರಬಹುದು.

ಕರ್ನಾಟಕದ ಗಂಟು ಎಲ್ಲಿದೆ

ನಮ್ಮಲ್ಲೂ ಇದೇ ಜಗ್ಗಾಟ. 1994ರಲ್ಲಿ ರಾಜ್ಯ ಸರ್ಕಾರ 1ರಿಂದ 4ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆ ಕಡ್ಡಾಯ ಮಾಡಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟ್ ಅವುಗಳ ಪರ ನಿಂತಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮ ಇದೇ ಇರಬೇಕೆಂದು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಪರಿಣಾಮ: ದುಡ್ಡು ಇದ್ದವರಿಗೆ ಇಂಗ್ಲಿಷ್ ಮೀಡಿಯಂ, ಇಲ್ಲದವರಿಗೆ ಕನ್ನಡ ಮೀಡಿಯಂ. 1854ರ ಆ ಎರಡು ದಾರಿಗಳೇ ಮತ್ತೆ. ಸರ್ಕಾರಿ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಾ ಬಂದಾಗ 2019-20ರಲ್ಲಿ ಸರ್ಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿಯ ಸುಖದೇವ್ ಥೋರಟ್ ಆಯೋಗ ಮತ್ತೆ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆ ಇರಲಿ ಎಂದು ಶಿಫಾರಸು ಮಾಡಿದೆ. 2014ರ ತೀರ್ಪು ಹಾಗೇ ಇರುವಾಗ ಖಾಸಗಿ ಶಾಲೆಗಳಿಗೆ ಇದು ಹೇಗೆ ಅನ್ವಯಿಸುತ್ತದೆ? ಅನ್ವಯಿಸದಿದ್ದರೆ ಹೊರೆ ಮತ್ತೆ ಸರ್ಕಾರಿ ಶಾಲೆಯ ಮಗುವಿನ ಮೇಲೇ.

ನಮ್ಮ ಚರ್ಚೆಯಲ್ಲಿ ಸುಲಭವಾಗಿ ಮರೆತುಹೋಗುವ ಇನ್ನೊಂದು ಗುಂಪಿದೆ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕನ್ನಡ ಮನೆಮಾತಾಗಿರುವವರು ಸುಮಾರು ಮೂರನೇ ಎರಡರಷ್ಟು. ತಾಂಡಾದ ಲಂಬಾಣಿ ಮಗುವಿಗೆ ಒಂದನೇ ತರಗತಿಯ ಕನ್ನಡವೂ ಹೊಸ ಭಾಷೆಯೇ. "ಮಾತೃಭಾಷೆಯಲ್ಲಿ ಶಿಕ್ಷಣ" ಎಂದು ನಾವು ಸಭೆಗಳಲ್ಲಿ ಹೇಳುವಾಗ ಆ ಮಗುವಿನ ಲೆಕ್ಕ ಯಾರೂ ಹಿಡಿಯುವುದಿಲ್ಲ.

ಮುಂದೆ ಏನು ಗಮನಿಸಬೇಕು

ನೈಜೀರಿಯಾದ ಹಳ್ಳಿ ಶಾಲೆಯಲ್ಲಿ ಹೊಸ ಆದೇಶದಿಂದ ಪಾಠದ ರೀತಿ ಜಾಸ್ತಿ ಬದಲಾಗುವ ಸಂಭವ ಕಡಿಮೆ. ಮೇಷ್ಟ್ರು ಹೌಸಾದಂಥ ಊರಿನ ಭಾಷೆಯಲ್ಲೇ ವಿವರಿಸುತ್ತಾರೆ, ಇನ್ನು ಮುಂದೆ ಕದ್ದು. ಹೌಸಾ ಪುಸ್ತಕ ಬರೆಸುವ, ತರಬೇತಿ ಕೊಡುವ ಕೆಲಸಕ್ಕೆ ಮಾತ್ರ ಪೆಟ್ಟು ಬೀಳುತ್ತದೆ. ಘಾನಾ 2002ರಲ್ಲಿ ಇದೇ ಥರ ಇಂಗ್ಲಿಷ್ ಮಾತ್ರ ಎಂದು ಹೇಳಿ ಕೆಲವು ವರ್ಷದಲ್ಲಿ ಹಿಂದೆ ಸರಿದಿತ್ತು. ಈ ಸಲದ ನೀತಿಯ ನಿಜವಾದ ಪರೀಕ್ಷೆ ನಡೆಯುವುದು ಮೊದಲ ಗುಂಪಿನ ಮಕ್ಕಳು ಇಂಗ್ಲಿಷಿಗೆ ದಾಟುವ ನಾಲ್ಕನೇ ತರಗತಿಗೆ ಬಂದಾಗ. ಆ ವರ್ಷ ಎರಡೂ ಭಾಷೆ ಇರುವ ಪುಸ್ತಕ ಕೈಗೆ ಸಿಗದಿದ್ದರೆ ಕೊಮ್ ಕಥೆಯೇ ಅಲ್ಲೂ. ದಕ್ಷಿಣ ಆಫ್ರಿಕಾ 2025ರಿಂದ ಸರಿಯಾಗಿ ಆ ನಾಲ್ಕನೇ ತರಗತಿಯಲ್ಲೇ ಮನೆಮಾತು ಮತ್ತು ಇಂಗ್ಲಿಷ್ ಎರಡನ್ನೂ ಸೇರಿಸಿ ಕಲಿಸುವ ಕಾರ್ಯಕ್ರಮ ವಿಸ್ತರಿಸುತ್ತಿದೆ. ಬಂಟು ಶಿಕ್ಷಣದ ನೆನಪಿರುವ ದೇಶದಲ್ಲಿ "ಇಂಗ್ಲಿಷ್ ಕಿತ್ತುಕೊಳ್ಳುತ್ತಿಲ್ಲ" ಎಂದು ತೋರಿಸಿಯೇ ಮುಂದೆ ಹೋಗಬೇಕು.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಪರೀಕ್ಷೆ ಮತ್ತು ಕೆಲಸ. ಭಾರತದಲ್ಲಿ 2024ರ ಜನವರಿಯಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದು. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗನಿಗೆ ಅಲ್ಲಿ ತನ್ನ ಓದಿನಿಂದ ನೇರ ಲಾಭ ಇದೆ. ಅದೇ 2021ರಲ್ಲಿ ಕನ್ನಡದಲ್ಲಿ ಎಂಜಿನಿಯರಿಂಗ್ ಓದಲು ಅವಕಾಶ ಕೊಟ್ಟಾಗ ಮುಂದೆ ಬಂದವರು ತೀರ ಕಡಿಮೆ. ಪುಸ್ತಕ ಕನ್ನಡದಲ್ಲಿ ಬಂದರೂ ಕಂಪನಿಯ ಇಂಟರ್‌ವ್ಯೂ ಇಂಗ್ಲಿಷಿನಲ್ಲೇ ಇರುತ್ತದೆ ಎಂದು ಆ ಹುಡುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.